ಇತಿಹಾಸ ಅಳಿಸುವ ಕೆಲಸ

ಬೀರೂರು ಸ್ಟೇಷನ್ ರಸ್ತೆಯಲ್ಲಿ, ಸೈಕಲ್ ಶಾಪಿನ ಮಗ್ಗುಲಿಗೆ
ನನ್ನದು ನಾಲ್ಕು ಕಂಪ್ಯೂಟರಿನ ಅಂಗಡಿ.
ಮೂರು ನಡೆಯುತ್ತವೆ. ನಾಲ್ಕನೆಯದರ ಮೇಲೆ
ಜೆರಾಕ್ಸ್ ಕಾಗದದ ಕಟ್ಟು ಕೂತಿದೆ.

ಬರುವವರಿಗೆ ಬೇಕಾದ್ದು ಪಹಣಿ, ಪಿಯುಸಿ ಫಲಿತಾಂಶ,
ಚಿಕ್ಕಮಗಳೂರಿನ ಆಸ್ಪತ್ರೆಯ ಟೋಕನ್ನು.
ಬ್ರೌಸರ್ ಎಂಬ ಹೆಸರು ಯಾರ ಬಾಯಲ್ಲೂ ಇಲ್ಲ.
"ಅದನ್ನ ತೆಗೀರಿ ಮೇಡಂ" ಅನ್ನುತ್ತಾರೆ,
ಟ್ರಂಕಿನ ಮುಚ್ಚಳ ತೆಗೆಯಲು ಹೇಳಿದ ಹಾಗೆ,
ಒಳಗೆಲ್ಲ ಆಗಲೇ ಮಡಚಿಟ್ಟಿದೆ ಎಂಬಂತೆ.

ರಿಟೈರಾದ ಪಾಯಿಂಟ್ಸ್‌ಮನ್ ಗವಿರಂಗಪ್ಪ
ಪೆನ್ಷನ್ನಿಗೆ ಬದುಕಿದ್ದೇನೆಂದು ತೋರಿಸಲು ಬಂದವರು
ಬೆರಳಚ್ಚು ಹತ್ತದೆ ಅರ್ಧ ಗಂಟೆ ಕೂತು ಕೇಳಿದರು:
"ಫೈರೋಜಮ್ಮ, ಇದು ಊರೋ, ರೈಲೋ?"
ಎರಡೂ ಅಲ್ಲ ಅಂದೆ. ವಿಳಾಸ ಕೊಟ್ಟರೆ
ಎಲ್ಲೋ ಇರುವ ಪುಟ ತರಿಸಿ
ಇಲ್ಲಿ ಬಿಡಿಸಿ ತೋರಿಸುತ್ತದೆ, ಅಷ್ಟೆ.
"ಹಂಗಾದ್ರೆ ಮೂವತ್ತೊಂದು ವರ್ಷ ನಾನು ಮಾಡಿದ್ದೂ ಇದೇಯ.
ಶಿವಮೊಗ್ಗಕ್ಕೋ ಹುಬ್ಬಳ್ಳಿಗೋ, ಲಿವರ್ ಎಳೆದು ಬಿಡೋದು.
ಬೋಗಿ ಒಳಗೆ ಯಾರು ಅಳ್ತವ್ರೆ, ಯಾರು ಮದುವೆಗೆ ಹೊಂಟವ್ರೆ,
ನಮಗೆ ಯಾಕೆ?"

ನನಗೆ ಗೊತ್ತಾಗುತ್ತದಲ್ಲ, ಅದೇ ಕಷ್ಟ.
ಇದು ಲಿವರ್ ಎಳೆದು ಸುಮ್ಮನಿರುವ ಜಾತಿಯಲ್ಲ,
ಹೋದ ದಾರಿಯನ್ನೆಲ್ಲ ನಿಮಿಷ ಸಮೇತ ಬರೆದಿಡುತ್ತದೆ.
ರಾತ್ರಿ ಎಂಟೂವರೆಗೆ ಷಟರ್ ಅರ್ಧ ಇಳಿಸಿ
ಓದದೆ ಅಳಿಸಬೇಕು.
ಓದುತ್ತೇನೆ.

ಎತ್ತರವಾಗುವುದು ಹೇಗೆ, ಆಮೇಲೆ ಪೊಲೀಸ್ ಭರ್ತಿ,
ಆಮೇಲೆ ಮತ್ತೆ ಎತ್ತರವಾಗುವುದು ಹೇಗೆ.
ಸಕ್ಕರೆ ಕಾಯಿಲೆಯವರು ಹಲಸಿನ ಹಣ್ಣು ತಿನ್ನಬಹುದೆ:
ಮೂರು ಪುಟ ಬೇಡ ಅಂದಿವೆ,
ನಾಲ್ಕನೆಯದು ಸ್ವಲ್ಪ ಅಂದಿದೆ,
ಅಲ್ಲಿಗೆ ಹುಡುಕುವುದು ನಿಂತಿದೆ.

ಗುರುವಾರ ಹನ್ನೊಂದಕ್ಕೆ ಒಬ್ಬಳು ಬಂದಳು.
ರಿಜಿಸ್ಟರಿನಲ್ಲಿ ಹೆಸರು ಬರೆಯಿರಿ ಅಂದೆ.
ಪೆನ್ನು ಹಿಡಿದು, ಗೋಡೆಯ ಕ್ಯಾಲೆಂಡರ್ ನೋಡಿ
ಲಕ್ಷ್ಮಿ ಎಂದು ಬರೆದಳು.
ಐದು ಟ್ಯಾಬು ತೆರೆದಿದ್ದಳು, ಸಾಲಾಗಿ,
ತಲೆಬರಹ ಅರ್ಧರ್ಧ ಕಾಣುವಂತೆ: ಗಂಡ ಹೊಡೆ,
ಮಹಿಳಾ ಸಹಾ, ದೂರು ಎಲ್ಲಿ.
ನಡುವೆ ಒಂದು ಅಡುಗೆಯದು. ಹಿಂದೆ ಯಾರಾದರೂ ನಿಂತರೆ
ಹಾರಿ ಕೂರಲು. ಹೆಸರುಬೇಳೆ ಪಾಯಸ.
ಪ್ರಿಂಟ್ ಬೇಡವೆ ಅಂದೆ.
"ಬೇಡ, ಬಾಯಿಪಾಠ ಆಯ್ತು."
ಇಪ್ಪತ್ತು ರೂಪಾಯಿ, ಎಲ್ಲ ಚಿಲ್ಲರೆ.

ಸಂಜೆ ಅವನು ಬಂದು ಹೆಲ್ಮೆಟ್ಟನ್ನು ನನ್ನ ಕೀಬೋರ್ಡಿನ ಮೇಲಿಟ್ಟ.
"ಬೆಳಿಗ್ಗೆ ನಮ್ಮನೆಯವಳು ಬಂದಿದ್ಲು.
ಏನು ನೋಡಿದ್ಲು ಅಂತ ಅದರಲ್ಲೇ ಬರುತ್ತಂತೆ, ತೆಗೀರಿ."

ರಿಜಿಸ್ಟರ್ ಕೊಟ್ಟೆ. ಬೆರಳಿಟ್ಟು ಹುಡುಕಿದ,
ಲಕ್ಷ್ಮಿಯ ಮೇಲೆ ಬೆರಳು ಹಾದು ಹೋಯಿತು.
ಆಮೇಲೆ ಕಂಪ್ಯೂಟರನ್ನು ಅವನ ಕಡೆ ತಿರುಗಿಸಿದೆ.
ನಾನು ಊಟಕ್ಕೆ ಏಳುವ ಮೊದಲೇ ಒಂದೊಂದಾಗಿ ತೆಗೆದಿದ್ದೆ,
ಪೂರ್ತಿ ಬರಿದಾದರೆ ಅನುಮಾನ, ಅದಕ್ಕೆ ಒಂದನ್ನು ಬಿಟ್ಟು.
ಹನ್ನೊಂದು ಇಪ್ಪತ್ತು: ಹೆಸರುಬೇಳೆ ಪಾಯಸ.

ಇಷ್ಟೇನಾ ಅಂದ.
ಇಷ್ಟೇ ಅಂದೆ.
"ನಮ್ಮನೇಲಿ ಪಾಯಸ ಮಾಡಿ ಎಷ್ಟೋ ದಿನ ಆಯ್ತು" ಎನ್ನುತ್ತ
ಇನ್ನೂ ಒಂದು ಸಲ ಪರದೆ ನೋಡಿದ.
ಸೈಕಲ್ ಶಾಪಿನ ಪಂಪು ಬುಸುಗುಡುತ್ತಿತ್ತು.
ಹೆಲ್ಮೆಟ್ ಎತ್ತಿಕೊಂಡು ಹೋದ.

ಅವನು ಹೋದ ಮೇಲೆ ಸುಮ್ಮನೆ, ಹುಡುಕುವ ಜಾಗದಲ್ಲಿ
ಒಂದು 'ಗ' ಒತ್ತಿದೆ.
ಗಂಡ ಹೊಡೆದರೆ, ಎಂದು ತಾನೇ ಮುಂದುವರಿಸಿತು ಯಂತ್ರ.
ಒಂದು ಕಡೆ ಮರೆತದ್ದನ್ನು ಇನ್ನೊಂದು ಕಡೆ ಇಟ್ಟುಕೊಂಡಿರುತ್ತದೆ,
ನಮ್ಮ ಅತ್ತೆಯ ಹಾಗೆ.
ಕೈ ತಣ್ಣಗಾಯಿತು. ಅವನು ಒಂದಕ್ಷರ ಒತ್ತಿದ್ದರೆ?

ಮತ್ತೆ ಅಳಿಸಲು ಹೋದೆ. ಅದು ಕೇಳಿತು:
ಕಳೆದ ಒಂದು ಗಂಟೆಯದೋ, ಒಂದು ದಿನದ್ದೋ, ಎಲ್ಲ ಕಾಲದ್ದೋ?
ಎತ್ತರದ ಹುಡುಗನೂ ಹೋಗುತ್ತಾನೆ, ಹಲಸಿನ ಹಣ್ಣೂ.
ಹೋಗಲಿ. ಎಲ್ಲ ಕಾಲದ್ದು.

ಎಂಟೂ ನಲವತ್ತರ ಗೂಡ್ಸು ಶಿವಮೊಗ್ಗದ ಕಡೆ ಹೊರಳಿತು,
ಸದ್ದಿನಲ್ಲೇ ತಿಳಿಯುತ್ತದೆ.
ರಿಜಿಸ್ಟರ್ ಮುಚ್ಚುವಾಗ ಕಂಡದ್ದು
ಇಂಕಿನಲ್ಲಿ ಬರೆದ ಒಂದೇ ಸಾಲು: ಲಕ್ಷ್ಮಿ, ಹನ್ನೊಂದು ಗಂಟೆ.
ಉಳಿದದ್ದು ಅಷ್ಟೇ,
ಅದೂ ಕ್ಯಾಲೆಂಡರಿನಿಂದ ತೆಗೆದುಕೊಂಡದ್ದು.